ಎಲ್ಲೂ ಕೂರದ ಕಪ್ಪು ಚಿಟ್ಟೆ

ಕೃಷ್ಣರಾಜಪೇಟೆ ತಾಲ್ಲೂಕು ಹೊಸಹೊಳಲಿನಲ್ಲಿ ವಾಸವಾಗಿದ್ದು, ಪತ್ರ ಬರೆದು ಜೀವನ ಸಾಗಿಸುವ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ ಬರೆದುಕೊಡುವುದೇನೆಂದರೆ: ನನಗೆ ಬಹಳ ಹೆದರಿಕೆಯಾಗಿತ್ತು.

ಇಪ್ಪತ್ತೈದು ವರ್ಷ ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಕೂತು ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆದವನಿಗೆ ಬೇರೆ ರೀತಿಯಲ್ಲಿ ಶುರುಮಾಡಲು ಬರುವುದಿಲ್ಲ. ಕಣ್ಣಿಗೆ ಔಷಧಿ ಬಿಡಿಸಿಕೊಂಡು, ತಲೆ ಹಿಂದಕ್ಕೆ ಒರಗಿಸಿ, ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರು ಇದನ್ನು ಓದಲಾರರು ಎಂಬುದು ನನಗೂ ಗೊತ್ತು. ಜೊತೆಗೆ ಬಂದವರು ಓದಿ ಹೇಳಲಿ. ಬೆಂಚಿನ ಮೇಲೆ ಮಾಡಲು ಅವರಿಗೂ ಬೇರೆ ಕೆಲಸವಿರುವುದಿಲ್ಲ.

ಮೊದಲು ಸ್ವತ್ತಿನ ವಿವರ. ನನಗೆ ಇರುವುದು ಒಂದು ಕಣ್ಣು. ಎಡಗಣ್ಣನ್ನು ಒಂಬತ್ತನೇ ವಯಸ್ಸಿನಲ್ಲೇ ಚಿನ್ನಿದಾಂಡಿನ ಆಟದಲ್ಲಿ ಚಿನ್ನಿಗೆ ಬಿಟ್ಟುಕೊಟ್ಟೆ. ಹಗಲು ಯಾವುದು, ಇರುಳು ಯಾವುದು ಎಂಬಷ್ಟು ಅದಕ್ಕೆ ತಿಳಿಯುತ್ತದೆ. ಉಳಿದ ವಿಷಯಗಳಲ್ಲಿ ಅದು ಅಭಿಪ್ರಾಯ ಹೇಳುವುದಿಲ್ಲ. ಮನೆ ನಡೆದದ್ದು, ಮಗಳ ಮದುವೆಯಾದದ್ದು, ತಾಲ್ಲೂಕಿನ ಅರ್ಧ ಜಮೀನು ಕೈಬದಲಾದದ್ದು ಎಲ್ಲವೂ ಬಲಗಣ್ಣಿನ ದುಡಿಮೆಯಿಂದ.

ತೊಂಬತ್ತರ ದಶಕದ ನಡುವಿನ ಮಾತಿದು. ಕಚೇರಿಯ ಬಾಗಿಲು ತೆರೆಯುವುದು ಹತ್ತೂವರೆಗೆ. ಅದಕ್ಕೆ ಮುಂಚೆ, ಶಿವರಾತ್ರಿ ಕಳೆದು ಹೊಂಗೆ ಚಿಗುರುವ ದಿನಗಳಲ್ಲಿ, ನಾನು ನಿತ್ಯ ಊರ ಕೆರೆಯ ಏರಿಯ ಮೇಲೆ ಹೋಗಿ ಕೂರುತ್ತಿದ್ದೆ. ನೋಡುತ್ತಿದ್ದುದು ಏರೋಪ್ಲೇನ್ ಚಿಟ್ಟೆಗಳನ್ನು. ಹುಡುಗರು ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಾರಲ್ಲ, ಅವೇ. ಅವುಗಳಲ್ಲೇ ಇನ್ನೊಂದು ತೆಳ್ಳಗಿನ ಜಾತಿ ಇದೆ, ಕೂತಾಗ ರೆಕ್ಕೆಯನ್ನು ಬೆನ್ನ ಮೇಲೆ ಮಡಿಸಿಕೊಳ್ಳುವುದು. ಅದಕ್ಕೆ ನಮ್ಮ ಕಡೆ ಯಾರೂ ಹೆಸರಿಟ್ಟಿರಲಿಲ್ಲವಾಗಿ ನಾನೇ ಸೂಜಿ ಚಿಟ್ಟೆ ಎಂದು ನಾಮಕರಣ ಮಾಡಿದ್ದೆ.

ಐವತ್ತು ದಾಟಿದ ಗಂಡಸು ಚಿಟ್ಟೆ ನೋಡುತ್ತ ಕೂರುವುದಕ್ಕೆ ಕಾರಣ ಬೇಕಲ್ಲ. ಕಾರಣ ವೃತ್ತಿಗೆ ಸಂಬಂಧಿಸಿದ್ದು. ಈ ಹುಳುಗಳಿಗೆ ಜಮೀನಿದೆ. ಗಂಡು ಚಿಟ್ಟೆ ಒಂದು ಜೊಂಡಿನ ತುದಿ ಹಿಡಿದು ಕೂತರೆ ಸುತ್ತಲಿನ ಹತ್ತು ಮೊಳ ನೀರು ಅದರದ್ದು. ಬೇರೆ ಗಂಡು ಆ ಗಡಿಯೊಳಗೆ ಬಂದರೆ ಎದ್ದು ಅಟ್ಟುತ್ತದೆ, ಮತ್ತೆ ಅದೇ ತುದಿಗೆ ಬಂದು ಕೂರುತ್ತದೆ. ಹೆಣ್ಣು ಬಂದು ಬಾಲದ ತುದಿಯಿಂದ ನೀರನ್ನು ಮುಟ್ಟಿ ಮುಟ್ಟಿ ಮೊಟ್ಟೆಯಿಡುವಾಗ ಮೇಲೆ ಕಾವಲು ಹಾರುತ್ತದೆ. ಛಾಪಾ ಕಾಗದವಿಲ್ಲ, ಸಾಕ್ಷಿಯಿಲ್ಲ, ನನ್ನಂಥವನೂ ಇಲ್ಲ. ನಾನಿಲ್ಲದೆ ಆಸ್ತಿ ವ್ಯವಹಾರ ನಡೆಯುವುದನ್ನು ನೋಡಲು ನನಗೆ ಒಂದು ಬಗೆಯ ವಿಸ್ಮಯ.

ಇದಕ್ಕಾಗಿ ಒಂದು ನೋಟುಬುಕ್ಕು ಇಟ್ಟಿದ್ದೆ. ದಿನ, ಬಣ್ಣ, ಎಷ್ಟು, ಎಲ್ಲಿ ಕೂತಿತ್ತು, ಷರಾ. ಎಲ್ಲಕ್ಕೂ ಗೆರೆ ಎಳೆದ ಒಂದೊಂದು ಕಲಮು.

ನನ್ನ ಈ ಕಾರ್ಯಕ್ಕೆ ಇದ್ದ ಒಬ್ಬನೇ ಪ್ರೇಕ್ಷಕ ನೀರುಗಂಟಿ ಸಿದ್ದಯ್ಯ. ಕೆರೆಯ ತೂಬು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಬಿಡುವ ಕೆಲಸ ಅವನದು, ಅವನಪ್ಪನದೂ ಅದೇ. ನನಗಿಂತ ಹತ್ತು ವರ್ಷ ದೊಡ್ಡವನು. ದಿನಾ ಬೆಳಿಗ್ಗೆ ಹಾರೆ ಹೊತ್ತು ಬರುತ್ತಿದ್ದ.

"ಏನ್ ರೈಟ್ರೆ, ಇವತ್ತು ಯಾರ್ದು ರಿಜಿಸ್ಟ್ರಿ?"

"ಕೆಂಪನದು ಸಿದ್ದಯ್ಯ. ನೀಲಿಯವನು ಒತ್ತುವರಿಗೆ ಬಂದಿದ್ದಾನೆ."

"ಓಡಿಸ್ತಾ?"

"ಎರಡು ಸಲ."

"ಕೋರ್ಟು ಗೀರ್ಟು ಇಲ್ದೆ ಎಂಗ್ ಬಗೆಹರಿಸ್ಕತವೆ ನೋಡಿ. ನಮ್ಮೋರು ಗದ್ದೆ ಬದ ಒಂದ್ ಗೇಣು ಜರುಗಿದ್ರೆ ತಲೆ ಒಡ್ಕತಾವ್ರೆ."

ಆ ವರ್ಷ ಒಂದು ಬೆಳಿಗ್ಗೆ ಕೆರೆಯಲ್ಲಿ ಹೊಸ ಜಾತಿಯೊಂದು ಕಾಣಿಸಿಕೊಂಡಿತು. ಕಪ್ಪು. ಸಣ್ಣದು. ರೆಕ್ಕೆ ಗುರುತಿಗೆ ಸಿಗದಷ್ಟು ಚುರುಕು. ಜೊತೆಯಲ್ಲಿ ಸೊಳ್ಳೆಯಂಥ ಮರಿಗಳು ಹತ್ತಾರು. ನಾನು ಎಷ್ಟು ಹಿಂಬಾಲಿಸಿದರೆ ಅಷ್ಟೇ ದೂರ ಸರಿಯುತ್ತಿತ್ತು. ಎಲ್ಲೂ ಕೂರಲಿಲ್ಲ. 'ಎಲ್ಲಿ ಕೂತಿತ್ತು' ಎಂಬ ಕಲಮಿನಲ್ಲಿ 'ಇಲ್ಲ' ಎಂದು ಬರೆದೆ. ಎರಡನೇ ದಿನವೂ ಬಂತು, ಮೂರನೇ ದಿನವೂ. ಕೆಂಪನ ಜಾಗದ ನಟ್ಟನಡುವೆ ಹಾರಿದರೂ ಕೆಂಪ ತಲೆಯೆತ್ತಲಿಲ್ಲ. 'ಬಹಳ ಸಭ್ಯ ಜಾತಿ. ಯಾರೊಡನೆಯೂ ತಕರಾರಿಲ್ಲ' ಎಂದು ಷರಾ ಹಾಕಿದೆ. ಆಗಾಗ ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾಗುತ್ತಿತ್ತು. 'ಬಿಸಿಲಿಗೆ ರೆಕ್ಕೆ ಹೊಳೆಯುವುದು' ಎಂದು ಅದನ್ನೂ ಬರೆದೆ. ಬಿಸಿಲೇ ಇಲ್ಲದ ದೇವರ ಮನೆಯಲ್ಲೂ ಒಮ್ಮೆ ಹೊಳೆಯಿತು. ಅದನ್ನು ಮಾತ್ರ ಬರೆಯಲಿಲ್ಲ.

ಹೀಗೆ ಹನ್ನೊಂದು ದಿನ. ನನ್ನ ಸಂತೋಷ ಎಷ್ಟಿತ್ತೆಂದರೆ, ಅದಕ್ಕೆ ನನ್ನ ಮನೆತನದ ಹೆಸರಿಡುವುದೋ ಊರಿನ ಹೆಸರಿಡುವುದೋ ಎಂದು ಯೋಚಿಸುತ್ತಿದ್ದೆ.

ಹನ್ನೊಂದನೇ ಬೆಳಿಗ್ಗೆ ಸಿದ್ದಯ್ಯನಿಗೂ ತೋರಿಸಿ ಪುಣ್ಯ ಕಟ್ಟಿಕೊಳ್ಳೋಣವೆಂದು ಕರೆದೆ.

"ಅಗೋ ನೋಡು, ತೂಬಿನ ಕಲ್ಲಿನ ಪಕ್ಕ. ಈಗ ಮೇಲೆ ಹೋಯ್ತು."

"ನಂಗೇನೂ ಕಾಣಾಕಿಲ್ಲ."

"ನಿನಗೆ ವಯಸ್ಸಾಯ್ತು ಬಿಡು."

"ಆಗೈತೆ, ಇಲ್ಲ ಅನ್ನಲ್ಲ. ಆದ್ರೂ ಆ ದಡದಲ್ಲಿ ನಿಮ್ಮನೆ ಎಮ್ಮೆ ಕಿವಿ ಆಡುಸ್ತಾ ಇರೋದು ಕಾಣ್ತದೆ." ಅವನು ಹಾರೆ ಕೆಳಗಿಟ್ಟ. ನನ್ನ ಮುಖವನ್ನೇ ನೋಡಿದ. "ರೈಟ್ರೆ, ವಸಿ ಕೆರೆಗೆ ಬೆನ್ನಾಕಿ ನಿಂತ್ಕಳಿ."

"ಯಾಕೆ?"

"ನಿಂತ್ಕಳಿ ಅಂದೆ. ಈಗ ಆಕಾಸ ನೋಡಿ. ಐತಾ?"

ನಾನು ಕೆರೆಗೆ ಬೆನ್ನು ಹಾಕಿ ಆಕಾಶ ನೋಡಿದೆ. ಮೋಡವಿಲ್ಲದ, ತೊಳೆದಿಟ್ಟಂಥ ಆಕಾಶ. ಅದರಲ್ಲಿ ನನ್ನ ಕಪ್ಪು ಚಿಟ್ಟೆ ಮರಿಗಳ ಸಮೇತ ಹಾರುತ್ತಿತ್ತು. ಏರಿಯ ಕೆಳಗಿನ ಗುಡಿಯ ಸುಣ್ಣದ ಗೋಡೆಯತ್ತ ತಿರುಗಿದೆ. ಗೋಡೆಗೂ ಬಂತು. ಕೆರೆಯ ಹುಳು ಕೆರೆ ಬಿಟ್ಟು ನಾನು ತಿರುಗಿದ ಕಡೆಗೆಲ್ಲ ತಿರುಗುತ್ತಿತ್ತು.

"ಐತೆ ಅಲ್ವಾ?" ಎಂದ ಸಿದ್ದಯ್ಯ, ಬಹಳ ಮೆತ್ತಗೆ. "ನಮ್ಮಪ್ಪಂಗೂ ಇಂಗೇ ಒಂದು ನೊಣ ಬಂದಿತ್ತು. ಮೂರ್ ವಾರ ಕೈಯಲ್ಲಿ ಓಡಿಸ್ತಾನೇ ಇದ್ದ. ಆಮೇಕೆ ನೊಣನೂ ಕಾಣ್ನಿಲ್ಲ, ನಾನೂ ಕಾಣ್ನಿಲ್ಲ ಅವ್ನಿಗೆ."

ಓದುಗರು ನಾನು ಆ ಕ್ಷಣವೇ ಡಾಕ್ಟರ ಹತ್ತಿರ ಓಡಿದೆ ಎಂದುಕೊಳ್ಳಬಹುದು. ಇಲ್ಲ. ಸೈಕಲ್ ಹತ್ತಿ ಪೇಟೆಗೆ ಹೋಗಿ, ಜಗಲಿಯ ಮೇಲೆ ಕೂತು, ಒಂದು ವಿಭಾಗಪತ್ರ ಬರೆಯಲು ಶುರುಮಾಡಿದೆ. ಹೆದರಿದ ಮನುಷ್ಯ ತನಗೆ ಬರುವ ಕೆಲಸವನ್ನು ಮಾಡುತ್ತಾನೆ. ಚಕ್ಕುಬಂದಿ ಬರೆಯುತ್ತಿದ್ದೆ; ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಜಮೀನಿನ ನಾಲ್ಕು ಎಲ್ಲೆ ಹೇಳುವ ಭಾಗ. ಮಧ್ಯಾಹ್ನದ ಹೊತ್ತಿಗೆ ಕಾಗದದ ಕೆಳಗಿನ ಎಡಮೂಲೆಯಲ್ಲಿ ಯಾರೋ ಹೆಬ್ಬೆಟ್ಟು ಒತ್ತಿದಂತೆ ಕಪ್ಪು ಗುರುತು ಕಂಡಿತು. ಯಾರಪ್ಪ ಇದು, ನಾನು ಹೇಳುವ ಮುಂಚೆಯೇ ಒತ್ತಿದವರು, ಎಂದು ಒರೆಸಲು ಹೋದೆ. ಒರೆಸಿದ ಬೆರಳು ಆ ಕಪ್ಪಿನೊಳಗೆ ಹೋಗಿ ಕಾಣೆಯಾಯಿತು.

ಮನೆಗೆ ಬರುವಷ್ಟರಲ್ಲಿ ಹೆಬ್ಬೆಟ್ಟು ಅಂಗೈಯಷ್ಟಾಗಿತ್ತು. ತುಳಸಿಕಟ್ಟೆಯ ಗಿಡ ಇತ್ತು, ಕಟ್ಟೆ ಇರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅವ್ವನಿಗೆ ಸೊಂಟದಿಂದ ಮೇಲೆ ಮಾತ್ರ ಇತ್ತು.

"ಯಾಕ್ಲಾ ಅಂಗ್ ನೋಡ್ತೀಯಾ? ಕಣ್ ಉರಿಯಾ? ನಂದಿಬಟ್ಲೂವ ತಂದು ಮಡಿಕ್ಕಳ್ಲಾ. ಆ ಹುಳಾನೇ ದಿನಾ ನೋಡ್ತಾ ಕುಂತ್ರೆ ದುಸ್ಟಿ ಆಗ್ದೆ ಇನ್ನೇನಾದಾತು?"

ಚಿಟ್ಟೆಯ ದೃಷ್ಟಿ ಮನುಷ್ಯನಿಗೆ ತಾಗುತ್ತದೆಯೆಂಬ ವಿಚಾರವನ್ನು ನಾನು ಹಿಂದೆ ಕೇಳಿರಲಿಲ್ಲ. ಆದರೆ ಅವುಗಳ ತಲೆಯೆಲ್ಲ ಕಣ್ಣೇ. ಒಂದೇ ಕಣ್ಣಿನವನಾಗಿ ನಾನು ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ. ಹೂವು ಇಟ್ಟುಕೊಂಡೆ. ತಂಪಾಗಿತ್ತು. ಕತ್ತಲೆ ಕಡಿಮೆಯಾಗಲಿಲ್ಲ.

ಹೆಂಡತಿ ಜಯಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಯಾವಾಗ್ಲಿಂದ?"

"ಇವತ್ತಿಂದ" ಎಂದೆ.

ಬೆಳಿಗ್ಗೆ ಪೇಟೆಯ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಡಾಕ್ಟರು ಮಾತಾಡಿದರೆ ಹೆದರಿಕೆ. ಮಾತಾಡದಿದ್ದರೆ ಇನ್ನೂ ಹೆಚ್ಚು. ಅವರು ಮಾತಾಡದೆ ಚೀಟಿ ಬರೆದರು. "ಈಗಲೇ ಮೈಸೂರಿಗೆ ಹೊರಡಿ. ಮುಂದಿನ ಸೀಟಲ್ಲಿ ಕೂತ್ಕೊಳ್ಳಿ. ತಲೆ ಕುಲುಕಬಾರದು."

ನಮ್ಮ ಪೇಟೆಯಿಂದ ಪಾಂಡವಪುರದವರೆಗಿನ ಆಗಿನ ರಸ್ತೆಯನ್ನು ಬಲ್ಲವರು ಈ ಸಲಹೆಯ ಗಾಂಭೀರ್ಯವನ್ನು ಬಲ್ಲರು.

ಜಯಮ್ಮ ಬಸ್ಸು ಹತ್ತಿದವಳೇ ಡ್ರೈವರ ಪಕ್ಕ ಹೋಗಿ ನಿಂತಳು. "ಅಣ್ಣಾ, ವಸಿ ನಿಧಾನಕ್ ಓಡ್ಸಣ್ಣ. ಇವ್ರ ಕಣ್ಣೊಳಗೆ ಏನೋ ಬಿಟ್ಕಂಡದಂತೆ. ಕುಲುಕುದ್ರೆ ಪೂರ್ತಿ ಓಯ್ತದಂತೆ."

"ನಾನ್ ನಿಧಾನಕ್ಕೇ ಓಡ್ಸೋದು ಕಣವ್ವ. ರೋಡ್ ಬುಡ್ಬೇಕಲ್ಲ."

ಆದರೂ ಆ ಪುಣ್ಯಾತ್ಮ ಪ್ರತಿ ಗುಂಡಿಗೂ ಬ್ರೇಕು ಹಿಡಿದ. ಹಿಂದಿನಿಂದ ಒಬ್ಬ ಕೂಗಿದ, "ಏನ್ಲಾ, ಗಾಡಿಗೆ ಎತ್ತು ಕಟ್ಟಿದ್ದೀಯಾ?" ಕಂಡಕ್ಟರು ಹೋಗಿ ಏನೋ ಹೇಳಿದ. ಆಮೇಲೆ ಯಾರೂ ಕೂಗಲಿಲ್ಲ. ಸಂತೆಗೆ ಹೊರಟಿದ್ದ ಹೆಂಗಸೊಬ್ಬಳು ತನ್ನ ಬಟ್ಟೆಗಂಟನ್ನು ನನ್ನ ಕುತ್ತಿಗೆಯ ಹಿಂದೆ ಇಟ್ಟು, ತಾನು ಕಂಬಿ ಹಿಡಿದು ನಿಂತಳು. ಆಕೆಯ ಮುಖದ ಮೇಲರ್ಧ ನೋಡಿದ್ದೇನೆ. ಉಳಿದದ್ದು ನನಗೆ ಸಿಗಲಿಲ್ಲ.

ಪಾಂಡವಪುರ ದಾಟಿ ಹೆದ್ದಾರಿಗೆ ಬಂದಾಗ ಎಡಗಡೆ ಕರಿಘಟ್ಟ ಕಾಣಬೇಕು. ಕಂಡಿತು. ಬೆಟ್ಟವಿರಲಿಲ್ಲ. ಗುಡಿಯೊಂದೇ, ಕೆಳಗೆ ಯಾವ ಆಧಾರವೂ ಇಲ್ಲದೆ, ಕಪ್ಪಿನ ಮೇಲೆ ತೇಲುತ್ತಿತ್ತು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬಸ್ಸಿನಲ್ಲಿದ್ದವರೆಲ್ಲ ಕೈಮುಗಿದರು. ನಾನೂ ಮುಗಿದೆ. ಕಿಟಕಿಯಿಂದ ಕೆಳಗೆ ನೋಡಿದರೆ ಕಾವೇರಿ ಇರಲಿಲ್ಲ.

"ಹೊಳೇಲಿ ನೀರೈತಾ?" ಎಂದು ಜಯಮ್ಮನನ್ನು ಕೇಳಿದೆ, ಏನೋ ಲೋಕಾಭಿರಾಮದಂತೆ.

ಅವಳು ನನ್ನ ಮೊಣಕೈ ಹಿಡಿದಳು. ಮೈಸೂರಿನವರೆಗೂ ಬಿಡಲಿಲ್ಲ.

ಆಸ್ಪತ್ರೆಯ ಬೆಂಚಿನ ವಿಷಯ ಹೆಚ್ಚು ಬರೆಯುವುದಿಲ್ಲ. ಕೇಳುತ್ತಿರುವವರು ಅದರ ಮೇಲೆಯೇ ಕೂತಿದ್ದಾರೆ. ಹೊತ್ತುಹೊತ್ತಿಗೆ ಬಂದು ಔಷಧಿ ಬಿಡುತ್ತಾರೆ, ಇದ್ದ ಕಣ್ಣೂ ಮಂಜಾಗುತ್ತದೆ, ಗೋಡೆಯ ಮೇಲಿನ ಅಕ್ಷರಗಳು ಕರಗುತ್ತವೆ, ಮುಂದೆ ಹೀಗೇ ಇರುವುದೇನೋ ಎನಿಸುತ್ತದೆ. ಹಾಗಿರುವುದಿಲ್ಲ. ಆ ಮಂಜು ಔಷಧಿಯದು. ಇದನ್ನು ನನಗೆ ಯಾರೂ ಹೇಳಲಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ.

ಡಾಕ್ಟರಮ್ಮನಿಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಬಹಳ ಹೊತ್ತು ನೋಡಿದರು. "ಕಣ್ಣಿನ ಒಳಗೋಡೆಯ ಪೊರೆ ಹರಿದು ಬಿಟ್ಕೊಂಡಿದೆ. ಗೋಡೆಗೆ ಅಂಟಿಸಿದ ಕಾಗದ ನೀರು ನುಗ್ಗಿ ಏಳುತ್ತಲ್ಲ, ಹಾಗೆ. ಕಪ್ಪು ಚುಕ್ಕೆ ಯಾವತ್ತಿನಿಂದ ಕಾಣ್ತಿದೆ?"

ಸುಳ್ಳು ಹೇಳಲು ಬಾಯಿ ತೆರೆದೆ. ಆದರೆ ಕಣ್ಣು ಹೋಗುವ ಹೊತ್ತಿನಲ್ಲಿ ಸುಳ್ಳಿಗೆ ಧೈರ್ಯ ಬರಲಿಲ್ಲ. ಜೇಬಿನಿಂದ ನೋಟುಬುಕ್ಕು ತೆಗೆದು ಕೊಟ್ಟೆ.

ಅವರು ಓದಿದರು. ಹಾಳೆ ತಿರುಗಿಸುವ ಸದ್ದು ಕೇಳುತ್ತಿತ್ತು. "'ಬಹಳ ಸಭ್ಯ ಜಾತಿ'" ಎಂದು ಒಂದು ಕಡೆ ಗಟ್ಟಿಯಾಗಿ ಓದಿದರು. ಆಮೇಲೆ 'ಹನ್ನೊಂದು ದಿನ' ಎಂದು ಪುಸ್ತಕ ಮುಚ್ಚಿದರು. "ಇಷ್ಟು ಚೆನ್ನಾಗಿ ಬರೆದುಕೊಂಡು ಬಂದ ಪೇಷೆಂಟನ್ನ ನಾನು ನೋಡಿಲ್ಲ. ಇಷ್ಟು ಚೆನ್ನಾಗಿ ಬರೆದು ಇಷ್ಟು ತಡವಾಗಿ ಬಂದವರನ್ನೂ ನೋಡಿಲ್ಲ. ನಡುವಿನ ದೃಷ್ಟಿ ಇನ್ನೂ ಇದೆ. ಅದು ಹೋಗುವ ಮುಂಚೆ ಆಪರೇಷನ್ ಆಗಬೇಕು. ಆದರೂ ಮಾತು ಕೊಡಲಾರೆ."

ಹೊರಗೆ ಬಂದ ಮೇಲೆ ಜಯಮ್ಮ ಮಾತಾಡಿದಳು. "ಹನ್ನೊಂದ್ ದಿನ. ಹನ್ನೊಂದ್ ದಿನ ನನ್ನೆದುರ್ಗೆ ಕುಂತು ಮುದ್ದೆ ಉಂಡಿದ್ದೀರಿ. ಆ ಸಿದ್ದಯ್ಯಂಗೆ ಏಳ್ದೋರು ನಂಗೆ ಏಳ್ನಿಲ್ಲ."

"ಹೊಸ ಚಿಟ್ಟೆ ಅಂದ್ಕೊಂಡಿದ್ದೆ ಕಣೇ."

"ಮಣ್ಣಂದ್ಕಂಡ್ರಿ" ಎಂದಳು. ಆಮೇಲೆ ಅತ್ತಳು. ನನಗೆ ಅವಳ ಮುಖ ಕಾಣುತ್ತಿತ್ತು. ಮುಖ ಒರೆಸಿಕೊಳ್ಳುವ ಸೆರಗು ಕಾಣುತ್ತಿರಲಿಲ್ಲ.

ಆಪರೇಷನ್ನಿಗೆ ಎರಡು ದಿನ ಕಾಯಬೇಕಿತ್ತು. ಪೊರೆ ಇನ್ನಷ್ಟು ಬಿಡದಿರಲೆಂದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅಂಗಾತ ಮಲಗಿಸಿದರು. ಪೂರ್ವಕ್ಕೆ ಮರಳಿನ ಚೀಲ, ಪಶ್ಚಿಮಕ್ಕೆ ಮರಳಿನ ಚೀಲ, ಉತ್ತರಕ್ಕೆ ಮಂಚದ ಕಂಬಿ, ದಕ್ಷಿಣಕ್ಕೆ ನನ್ನದೇ ಕಾಲು. ಈ ಚಕ್ಕುಬಂದಿಯ ನಡುವೆ ಅಲುಗಾಡದೆ ಇದ್ದ ಸ್ವತ್ತು ನಾನು.

ಮೊದಲ ದಿನವೇ ಒಪ್ಪಿಗೆಯ ಕಾಗದ ಬಂತು. ಜಯಮ್ಮ ಏಳನೇ ಕ್ಲಾಸು ಓದಿದವಳು; ಅಕ್ಷರ ಕೂಡಿಸಿ ಕೂಡಿಸಿ ಓದಿದಳು. 'ದೃಷ್ಟಿ ಪೂರ್ಣವಾಗಿ ನಷ್ಟವಾದಲ್ಲಿ' ಎಂಬಲ್ಲಿ ನಿಂತಳು. ಮುಂದಕ್ಕೆ ಹೋಗಲಿಲ್ಲ. "ಓದು" ಎಂದೆ. ಓದಿದಳು.

ಸಹಿ ಹಾಕಲು ಪೆನ್ನು ಕೊಟ್ಟರು. ಕತ್ತಲೆಯಲ್ಲಿ, ಮಲಗಿದಲ್ಲೇ, ಕೈ ಎಲ್ಲಿಗೋ ಹೋಯಿತು. "ಪರವಾಗಿಲ್ಲ, ಹೆಬ್ಬೆಟ್ಟು ಒತ್ತಿ" ಎಂದರು ನರ್ಸಮ್ಮ, ಮತ್ತು ನನ್ನ ಹೆಬ್ಬೆರಳನ್ನು ತಾವೇ ಹಿಡಿದು ಶಾಯಿಗೆ ಅದ್ದಿದರು.

ಅಷ್ಟು ವರ್ಷ ನಾನು ಬೇರೆಯವರ ಹೆಬ್ಬೆರಳು ಹಿಡಿದು ಒತ್ತಿಸಿದ್ದೇನೆ. 'ಓದಿ ಹೇಳಲಾಗಿ ಕೇಳಿ, ಸರಿಯೆಂದು ಒಪ್ಪಿ' ಎಂದು ಪ್ರತಿ ಪತ್ರದಲ್ಲೂ ಬರೆದಿದ್ದೇನೆ. ಒತ್ತುವಾಗ ಕೆಲವರ ಬೆರಳು ನಡುಗುತ್ತಿತ್ತು. "ಏನಪ್ಪ, ಬೆರಳು ಸಡಿಲ ಬಿಡು, ಕಾಗದ ಕೆಡಿಸಬೇಡ" ಎಂದು ಗದರಿದ್ದೇನೆ. ಓದಿದ್ದು ನಿಜವೋ ಸುಳ್ಳೋ ಗೊತ್ತಿಲ್ಲದೆ, ಕಾಣದ ಕಾಗದದ ಮೇಲೆ ಬೆರಳಿಡುವುದು ಎಂದರೇನೆಂದು ಆವತ್ತು ತಿಳಿಯಿತು. ನನ್ನ ಬೆರಳೂ ನಡುಗಿತು. ನರ್ಸಮ್ಮ ಗದರಲಿಲ್ಲ.

ಪಕ್ಕದ ಮಂಚದಲ್ಲಿ ಒಂದು ದನಿಯಿತ್ತು. ಅರಕೆರೆಯವರು, ಆಲೆಮನೆ ಇಟ್ಟವರು.

"ಕಬ್ ಕಡೀವಾಗ ಗರಿ ಒಡೀತು ಕಣ್ರಪ್ಪ, ಕೀವಾಗ್ಬುಡ್ತು. ನಿಮ್ದು ಏನ್ರಲ್ಲಿ ಆಯ್ತು?"

"ಚಿಟ್ಟೆ."

"ಚಿಟ್ಟೆ ಒಡೀತಾ!"

"ಇಲ್ಲ. ನೋಡ್ತಾ ಇದ್ದೆ."

"ಅಂಗೂ ಆಯ್ತದಾ?" ಎಂದರು. ನನಗೆ ನಗು ಉಕ್ಕಿತು. ನಕ್ಕರೆ ತಲೆ ಅಲುಗುತ್ತದೆ. ಹಲ್ಲು ಕಚ್ಚಿಕೊಂಡು ಮಲಗಿದೆ. ಆ ಎರಡು ದಿನದಲ್ಲಿ ನನ್ನನ್ನು ಉಳಿಸಿದ್ದು ಅವರ ಬಾಯಿ.

ಎರಡನೇ ದಿನ ಬೆಳಿಗ್ಗೆ ಅವರ ಪಟ್ಟಿ ಬಿಚ್ಚಿದರು. ನಾನು ಉಸಿರು ಹಿಡಿದು ಕೇಳುತ್ತಿದ್ದೆ. ಒಳ್ಳೆಯ ಕಣ್ಣನ್ನು ಮುಚ್ಚಿಕೊಳ್ಳಿ ಎಂದರು ಡಾಕ್ಟರಮ್ಮ.

"ಇದು ಎಷ್ಟು ಬೆರಳು?"

"ಯಾವ್ದವ್ವ?"

"ಬೆಳಕು ಕಾಣ್ತಾ ಇದೆಯಾ? ಟಾರ್ಚು ಬಿಟ್ಟಿದ್ದೀನಿ."

ಆ ದನಿ ಕೇಳಿತು: "ಬೆಳಗಾಯ್ತಾ ಅವ್ವ?"

ಡಾಕ್ಟರಮ್ಮನ ಚಪ್ಪಲಿಯ ಸದ್ದು ದೂರವಾದ ಮೇಲೆ ಅವರೇ ನನಗೆ ಸಮಾಧಾನ ಹೇಳಿದರು. "ಇನ್ನೊಂದೈತೆ ಬುಡಿ. ಒಂದ್ ಕಣ್ಣಲ್ಲಿ ಆಲೆಮನೆ ನಡ್ಸಕ್ಕಾಗದಾ? ನೀವೂ ಎದುರ್ಕಬ್ಯಾಡಿ. ನಿಮ್ಗೂ ಇನ್ನೊಂದೈತಲ್ಲ."

"ಇದೆ" ಎಂದೆ. ಆ ಮನುಷ್ಯನ ದುಃಖದ ಮೇಲೆ ನನ್ನದನ್ನೂ ಹೇರಲು ಮನಸ್ಸಾಗಲಿಲ್ಲ. ಆದರೆ ಆ ಮಾತಿನ ನಂತರ ನನ್ನ ಕೈಕಾಲು ತಣ್ಣಗಾದವು. ಮಧ್ಯಾಹ್ನದವರೆಗೂ ಬಿಸಿಯಾಗಲಿಲ್ಲ.

ಮಧ್ಯಾಹ್ನ ಕೆರೆಯ ಕೆಸರಿನ ವಾಸನೆ ಬಂತು. ಹಿಂದೆಯೇ ಸಿದ್ದಯ್ಯನ ದನಿ.

"ಏನ್ ರೈಟ್ರೆ, ಇಲ್ ಬಂದು ಮನಗಿದ್ದೀರಾ! ಬರ್ಕಳಿ: ಕೆಂಪುದು ನಾಕು. ನೀಲಿದು ಎರಡು. ನೀವ್ ಸೂಜಿ ಅಂತೀರಲ್ಲ, ಅವು ಎಣಿಸಕ್ಕೆ ಆಗಾಕಿಲ್ಲ, ಜೊಂಡ್ನಾಗೆ ಜೋಡಿಜೋಡಿ ಅಂಟ್ಕಂಡವೆ."

"ನೀನು ಕೂತು ನೋಡಿದೆಯಾ?"

"ಎಲ್ಡ್ ದಿನದಿಂದ. ಊರೋರೆಲ್ಲ ನಗ್ತಾವ್ರೆ, ರೈಟ್ರು ಓಗ್ತಾ ಸಿದ್ದಯ್ಯಂಗೆ ಅಂಟುಸ್ಬುಟ್ಟು ಓದ್ರು ಅಂತ."

"ಕಪ್ಪುದು?"

"ಅದು ಕೆರೇಲಿಲ್ಲ. ನಿಮ್ಜೊತೇಲೇ ಮೈಸೂರಿಗ್ ಬಂದೈತೆ. ಇಲ್ಲೇ ಬುಟ್ಟು ಬನ್ನಿ." ಅವನ ಒರಟು ಕೈ ನನ್ನ ಪಾದವನ್ನೊಮ್ಮೆ ಒತ್ತಿತು. ಹೋದ. ಬಸ್ಸಿನಲ್ಲಿ ಅಷ್ಟು ದೂರ ಬಂದದ್ದು ಅಷ್ಟು ಹೇಳಲು.

ಆಪರೇಷನ್ನಿನಲ್ಲಿ ನನಗೆ ಎಚ್ಚರವಿತ್ತು. ಪೊರೆ ಮತ್ತೆ ಗೋಡೆಗೆ ಕೂರಲೆಂದು ಕಣ್ಣುಗುಡ್ಡೆಯ ಸುತ್ತ ಸಣ್ಣ ರಬ್ಬರು ಪಟ್ಟಿ ಬಿಗಿದರು, ಗಾಡಿಯ ಚಕ್ರಕ್ಕೆ ಬಿಗಿದಂತೆ. ಯಾರೋ ಇನ್ಯಾರಿಗೋ ಮನೆಯಲ್ಲಿ ನುಗ್ಗೇಕಾಯಿ ಹುಳಿ ಮಾಡಿದ್ದನ್ನು ಹೇಳುತ್ತಿದ್ದರು. ಬಟ್ಟೆಯ ಕೆಳಗೆ ಒಂದು ಕೈ ಮೊದಲಿನಿಂದ ಕೊನೆಯವರೆಗೆ ನನ್ನ ಕೈಯನ್ನು ಹಿಡಿದುಕೊಂಡಿತ್ತು. ಯಾರದೆಂದು ಆಮೇಲೆ ವಿಚಾರಿಸಿದೆ, ಯಾರೂ ತನ್ನದೆನ್ನಲಿಲ್ಲ.

ಪಟ್ಟಿ ಬಿಚ್ಚುವ ಬೆಳಿಗ್ಗೆ ನಾನು ಒಂದೇ ವಿಷಯ ನಿರ್ಧರಿಸಿದ್ದೆ: ಏನೇ ಆಗಲಿ, ಬೆಳಗಾಗಿದೆಯೇ ಎಂದು ಕೇಳಬಾರದು. ಹತ್ತಿ ತೆಗೆದರು. ರೆಪ್ಪೆ ಅಂಟಿಕೊಂಡಿತ್ತು. ಒದ್ದೆ ಮಾಡಿ ಬಿಡಿಸಿದರು. ಮೊದಲು ಕಂಡದ್ದು ಮಂಜು. ಮಂಜಿನಲ್ಲಿ ಒಂದು ಕೈ.

"ಎಷ್ಟು?"

"ಮೂರು."

"ಕೆಳಗೆ ನೋಡಿ. ಏನಿದೆ?"

ಕೆಳಗೆ ನೋಡಲು ಧೈರ್ಯ ಸಾಲಲಿಲ್ಲ. ಇಲ್ಲದಿದ್ದುದು ಕೆಳಗಿನದೇ. ನೋಡಿದೆ. ಕಾಲುಂಗುರವಿದ್ದ ಎರಡು ಪಾದ, ಒಂದು ಹವಾಯಿ ಚಪ್ಪಲಿಯ ಬಾರು ಕಿತ್ತು ಪಿನ್ನು ಹಾಕಿದ್ದು. ಜಯಮ್ಮನ ಕಾಲನ್ನು ಅಷ್ಟು ಭಕ್ತಿಯಿಂದ ನಾನು ಹಿಂದೆಂದೂ ನೋಡಿರಲಿಲ್ಲ.

ಅರಕೆರೆಯವರ ಮಂಚ ಖಾಲಿಯಾಗಿತ್ತು. ನನಗೆಂದು ಜಯಮ್ಮನ ಕೈಯಲ್ಲಿ ಒಂದು ಅಚ್ಚು ಬೆಲ್ಲ ಕೊಟ್ಟು ಹೋಗಿದ್ದರು. ಅವರ ಮುಖ ನನಗೆ ಇವತ್ತಿಗೂ ಗೊತ್ತಿಲ್ಲ.

ಎಲ್ಲವೂ ಹಿಂದಕ್ಕೆ ಬರಲಿಲ್ಲ ಎಂಬುದನ್ನೂ ಬರೆಯಬೇಕು. ನೇರ ಗೆರೆ ಸ್ವಲ್ಪ ಸೊಟ್ಟಗೆ ಕಾಣುತ್ತದೆ. ಕೆಳಗಿನ ಎಡಮೂಲೆಯಲ್ಲಿ ಒಂದು ಗುಂಟೆಯಷ್ಟು ಕತ್ತಲೆಯ ವಶದಲ್ಲೇ ಉಳಿಯಿತು. ಪೊರೆ ಮತ್ತೆ ಬಿಡಬಹುದು ಎಂದೂ ಡಾಕ್ಟರಮ್ಮ ಹೇಳಿದ್ದಾರೆ. ಆದ್ದರಿಂದ ದಿನಾ ಎದ್ದ ತಕ್ಷಣ, ಯಾರೊಂದಿಗೂ ಮಾತಾಡುವ ಮೊದಲು, ಅಂಗಾತ ಮಲಗಿಯೇ ಸೂರಿನ ನಾಲ್ಕು ಮೂಲೆಗಳನ್ನು ನೋಡುತ್ತೇನೆ. ನಾಲ್ಕೂ ಇದ್ದರೆ ಏಳುತ್ತೇನೆ. ಜಯಮ್ಮ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಾಳೆ, "ಅವೆಯಾ?" "ಅವೆ" ಎನ್ನುತ್ತೇನೆ.

ಮುಂದಿನ ವರ್ಷ ಹೊಂಗೆ ಚಿಗುರಿದಾಗ ನಾನು ಕೆರೆಗೆ ಹೋಗಲಿಲ್ಲ. ಏರಿಯ ದಾರಿ ಬಿಟ್ಟು ಸುತ್ತುದಾರಿಯಲ್ಲಿ ಪೇಟೆಗೆ ಹೋಗುತ್ತಿದ್ದೆ. ಹಾರುವ ಯಾವ ಹುಳು ಕಂಡರೂ ಮುಖ ತಿರುಗಿಸುತ್ತಿದ್ದೆ. ನಾಲ್ಕಾರು ದಿನ ನೋಡಿ ಸಿದ್ದಯ್ಯನೇ ಮನೆ ಬಾಗಿಲಿಗೆ ಬಂದ. "ಬರ್ದಿದ್ರೆ ನಾನೇ ಬುಕ್ಕು ಬರೀಬೇಕಾಯ್ತದೆ. ನಂಗೆ ಅಕ್ಸರ ಬರಾಕಿಲ್ಲ. ಏಳಿ."

ಹೋದೆ. ಏರಿಯ ಮೇಲೆ ಹಳೆಯ ಕಲ್ಲಿನ ಮೇಲೆ ಕೂತೆ. ಅವನು ತೂಬಿನ ಕಡೆ ಇಳಿದ. ನೀರು ಕಡಿಮೆಯಾಗಿ ಜೊಂಡು ಎದ್ದಿತ್ತು. ಕೆಂಪ ತನ್ನ ತುದಿಯ ಮೇಲಿದ್ದ. ಅವನೋ, ಅವನ ಮಗನೋ.

ಆಗ ಬಂತು. ಕಪ್ಪು. ಸಣ್ಣದು. ಕೆಳಗಿನ ಎಡಮೂಲೆಯ ಕತ್ತಲೆಯ ಕಡೆಯಿಂದಲೇ ಎದ್ದು ಬಂತು.

ಬೆನ್ನು ಹಾಕಿ ಆಕಾಶ ನೋಡಿದರೆ ನಿಜ ತಿಳಿಯುತ್ತದೆ, ಗೊತ್ತು. ತಿರುಗಲಾರದೆ ಕೂತೆ. ಮನಸ್ಸಿನಲ್ಲಿ ಬಸ್ಸು ಹತ್ತಿದ್ದೆ, ಗುಂಡಿಗಳನ್ನು ದಾಟುತ್ತಿದ್ದೆ, ಮರಳಿನ ಚೀಲದ ನಡುವೆ ಮಲಗಿದ್ದೆ, ಕಾಣದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದೆ. ಅದು ನೀರಿನ ಮೇಲೆ ತೇಲುತ್ತ ಕೆಂಪನ ಜಾಗದೊಳಗೆ ಬಂತು.

ಕೆಂಪ ಎದ್ದ. ನೆಟ್ಟಗೆ ಅದರ ಮೇಲೆ ಹೋದ. ರೆಕ್ಕೆಗೆ ರೆಕ್ಕೆ ತಾಗಿದ ಚರಚರ ಸದ್ದು ನನಗೆ ಕೇಳಿತು. ಗಡಿಯಾಚೆ ಅಟ್ಟಿ, ಬಂದು ತನ್ನ ತುದಿಯ ಮೇಲೆ ಕೂತ. ಕಪ್ಪು ಚಿಟ್ಟೆ ಒಂದು ಸುತ್ತು ಹಾಕಿ, ನನ್ನಿಂದ ನಾಲ್ಕು ಮೊಳದ ದೂರದಲ್ಲಿ, ಒಣಗಿದ ಕಡ್ಡಿಯೊಂದರ ಮೇಲೆ ರೆಕ್ಕೆ ಹರಡಿ ಕೂತಿತು. ರೆಕ್ಕೆಯ ತುದಿ ಬೆಳ್ಳಗಿತ್ತು.

"ಯಾಕ್ ರೈಟ್ರೆ, ಕಣ್ಣಲ್ಲಿ ನೀರು?" ಸಿದ್ದಯ್ಯ ಓಡಿಬಂದ. "ಮತ್ತೆ ಬಂತಾ?"

ನಾನು ಕಡ್ಡಿಯನ್ನು ತೋರಿಸಿದೆ.

ಅವನು ಬಗ್ಗಿ ನೋಡಿದ. "ಐತೆ" ಎಂದ.

ಆವತ್ತಿನಿಂದ ನೋಟುಬುಕ್ಕಿಗೆ ಇನ್ನೊಂದು ಕಲಮು ಸೇರಿದೆ, ಸಾಕ್ಷಿ ಎಂದು. ಸಿದ್ದಯ್ಯನ ಹೆಬ್ಬೆರಳನ್ನು ಹಿಡಿದು, ಗದರದೆ, ಅಲ್ಲಿ ಒತ್ತಿಸಿದೆ. 'ಎಲ್ಲಿ ಕೂತಿತ್ತು' ಎಂಬ ಕಲಮಿನಲ್ಲಿ, ಸೊಟ್ಟ ಗೆರೆಯ ಮೇಲೆ ಆದಷ್ಟು ನೆಟ್ಟಗೆ ಬರೆದೆ: ಕಡ್ಡಿಯ ಮೇಲೆ.